ಕೈ ಗಿಡ್ಡ ಅಂತ ಲೆಫ್ಟ್ ಟ್ಯಾಕಲ್‌ನ ಗಾರ್ಡ್ ಮಾಡ್ತಾರಾ? ಗೊತ್ತಿರೋರು ಒಸಿ ಬಿಡಿಸಿ ಹೇಳಿ

ಹೆಬ್ಬಾಳ ನೈಟ್‌ಶಿಫ್ಟ್:

ನಾನು ಮೈಸೂರು, ಹೆಬ್ಬಾಳದ ಕಡೆ ಒಂದು ಆಫೀಸಲ್ಲಿ ನೈಟ್ ಶಿಫ್ಟು, ಅಮೆರಿಕನ್ ಫುಟ್‌ಬಾಲ್ ವಿಡಿಯೋ ನೋಡಿ ಒಂದೊಂದು ಪ್ಲೇಗೂ ಟ್ಯಾಗ್ ಹಾಕೋ ಕೆಲ್ಸ. ಸೇರಿದಾಗ ಆಟದ ತಲೆಬುಡ ಗೊತ್ತಿರ್ಲಿಲ್ಲ, ಈಗ ರಜಾ ದಿನಾನೂ ಅದನ್ನೇ ಹಾಕ್ಕೊಂಡು ಕೂರ್ತೀನಿ, ನಮ್ಮಮ್ಮ ಬೈತಾರೆ. ಎಲ್ರೂ ಚೆಂಡು ನೋಡಿದ್ರೆ ನನ್ನ ಕಣ್ಣು ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಥರ ನಿಲ್ಲೋ ಐದು ಜನದ ಮೇಲೇ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್, ಎರಡು ತುದೀಲಿ ಟ್ಯಾಕಲ್.

ವಿಷಯ ಏನಂದ್ರೆ ಒಬ್ಬ ಕಾಲೇಜ್ ಹುಡುಗ ಇದಾನೆ, ಹೆಸರು ಬೇಡ ಬಿಡಿ, ಮೂರು ವರ್ಷದಿಂದ ಲೆಫ್ಟ್ ಟ್ಯಾಕಲ್, ಈ ಸೀಸನ್ ಪೂರ್ತಿ ಬಿಟ್ಟಿರೋದು ಒಂದೇ ಸ್ಯಾಕು (ಪಾಸ್ ಎಸೆಯೋಕೆ ಮುಂಚೆ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು). ಆದ್ರೂ ಅಮೆರಿಕದ ಪ್ರೊ ಲೀಗ್ ಎನ್‌ಎಫ್‌ಎಲ್ ಟೀಮುಗಳು ಕಾಲೇಜ್ ಹುಡುಗ್ರನ್ನ ಸರದಿ ಮೇಲೆ ಆರಿಸ್ಕೊಳ್ಳೋ ಡ್ರಾಫ್ಟ್ ಬಗ್ಗೆ ಬರೆಯೋರೆಲ್ಲ ಒಂದೇ ರಾಗ, ಕೈ 33 ಇಂಚೂ ಇಲ್ಲ, ಎನ್‌ಎಫ್‌ಎಲ್‌ಗೆ ಹೋದ್ರೆ ಗಾರ್ಡೇ ಅಂತ. ಟ್ಯಾಕಲ್‌ಗೆ 34 ಇರ್ಬೇಕಂತೆ. ಇಂಚು ಚಿಲ್ರೆಗೆ ಇಷ್ಟೊಂದು ರಾದ್ಧಾಂತನಾ? ಇಂಥವ್ನನ್ನ ನೀವಾದ್ರೆ ಹೆಂಗೆ ಅಳೀತೀರ? ಎರಡು ಕ್ಲಿಪ್ ಹಾಕಿದೀನಿ, ಬಿಳಿ ಜರ್ಸಿ, ಎಡಗಡೆ ತುದೀಲಿ ಇರೋನು.

ಟೇಪ್ ಹುಳ:

ಗುರು ಮೊದ್ಲು ಆ ಸ್ಯಾಕ್ ಲೆಕ್ಕ ಪಕ್ಕಕ್ಕಿಡಿ. ಕಾಲೇಜಲ್ಲಿ ಎಷ್ಟೋ ಪಾಸು ಸ್ಕ್ರೀನು (ಹತ್ರದಲ್ಲೇ ಕೊಡೋ ಗಿಡ್ಡ ಪಾಸು), ಆರ್‌ಪಿಒ (ಓಟನೋ ಪಾಸೋ ಅಂತ ಕ್ವಾರ್ಟರ್‌ಬ್ಯಾಕ್ ಆ ಕ್ಷಣಕ್ಕೆ ತೀರ್ಮಾನಿಸೋ ಪ್ಲೇ), ಚೆಂಡು ಕೈಗೆ ಬಂದು ಎರಡು ಸೆಕೆಂಡ್ ಆಗೋಷ್ಟ್ರಲ್ಲಿ ಹೋಗ್ಬಿಟ್ಟಿರುತ್ತೆ, ಅಲ್ಲಿ ನಮ್ಮ ಮನೆ ಗೇಟ್ ನಿಲ್ಸಿದ್ರೂ ಸ್ಯಾಕ್ ಆಗಲ್ಲ. ರೂಲೂ ಬೇರೆ, ಪಾಸ್ ಹೋಗೋಕೆ ಮುಂಚೆ ಲೈನ್‌ಮನ್ (ಆ ಐದು ಜನ) ಪ್ಲೇ ಶುರುವಾದ ಗೆರೆಯಿಂದ ಕಾಲೇಜಲ್ಲಿ 3 ಗಜ ಮುಂದೆ ಹೋಗ್ಬಹುದು, ಎನ್‌ಎಫ್‌ಎಲ್‌ನಲ್ಲಿ 1 ಗಜ ಅಷ್ಟೇ. ಅದಕ್ಕೇ ಕಾಲೇಜ್ ಹುಡುಗ್ರು ಮುಂದಕ್ಕೆ ನುಗ್ಗೋದ್ರಲ್ಲಿ ಹುಲಿಗಳು, ಹಿಂದಕ್ಕೆ ಜಾರ್ಕೊಂಡು ಹೋಗಿ ತಡೆಯೋದು ಅಭ್ಯಾಸನೇ ಇರಲ್ಲ.

ನೀವೇ ಟ್ಯಾಗ್ ಹಾಕೋರಲ್ವಾ, ಥರ್ಡ್ ಡೌನ್ (10 ಗಜ ದಾಟೋಕೆ ಸಿಗೋ ನಾಕು ಪ್ರಯತ್ನದಲ್ಲಿ ಮೂರನೇದು), 7 ಗಜ ಅಥ್ವಾ ಜಾಸ್ತಿ ಬೇಕಿರೋ ಪ್ಲೇ ಮಾತ್ರ ಫಿಲ್ಟರ್ ಹಾಕಿ. ಅಲ್ಲಿ ಪಾಸೇ ಬರೋದು ಅಂತ ಎದುರಾಳಿಗೂ ಗೊತ್ತು, ಮುಚ್ಚುಮರೆ ಇಲ್ಲ. ಚೆಂಡು ಮರೆತು ಇವನ ಎಡಗಾಲು ನೋಡಿ. ಮೊದಲ್ನೇ ಹೆಜ್ಜೆ ಹಿಂದಕ್ಕೆ ಎಷ್ಟು ಹೋಯ್ತು, ಎದುರಿನೋನು ಹೊರಗಿಂದ ಸುತ್ತಿ ಬಂದಾಗ ಇವನು ಗಾಬರಿಯಾಗಿ ಸೊಂಟ ಪೂರ್ತಿ ಹೊರಕ್ಕೆ ತಿರುಗಿಸ್ತಾನಾ? ತಿರುಗಿಸಿದ್ರೆ ಒಳಗಡೆ ಬಾಗಿಲು ತೆಗ್ದಂಗೆ, ಒಳ್ಳೆ ರಷರ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋನು) ಅದನ್ನೇ ಕಾಯ್ತಿರ್ತಾನೆ, ಒಂದು ಹೆಜ್ಜೆ ಹೊರಗೆ ಅಂತ ತೋರ್ಸಿ ಒಳಗೆ ನುಗ್ತಾನೆ.

ಕೆಆರ್ ಪೇಟೆ ಕುಮಾರ:

ಕಬಡ್ಡಿ ಬಿಟ್ಟು ಇದ್ಯಾವ್ ಆಟನ್ಲಾ ನೋಡ್ತಿದೀರ 😄

ಗರಡಿಮನೆ:

ನನಗೆ ಈ ಆಟ ಅರ್ಥ ಆಗಲ್ಲ, ಕ್ಲಿಪ್ ಮಾತ್ರ ನಾಕು ಸಲ ನೋಡಿದೆ. ನಿಮ್ಮ ಹುಡುಗ ಮಂಡಿ ಬಗ್ಗಿಸಲ್ಲ, ಸೊಂಟ ಬಗ್ಗಿಸ್ತಾನೆ. ತಲೆ ಕಾಲಿಗಿಂತ ಮುಂದೆ ಹೋಗಿ ನಿಂತಿದೆ ನೋಡಿ, ಎರಡನೇ ಕ್ಲಿಪ್ ಕೊನೇಲಿ. ನಮ್ಮಲ್ಲಿ ಹಿಂಗೆ ನಿಂತ್ರೆ ಎದುರಿನೋನು ತಳ್ಳೋದೇ ಬೇಡ, ಕತ್ತು ಹಿಡ್ದು ಒಂದು ಎಳೆತ, ಮಟ್ಟಿ ಮೇಲೆ ಮೂಗು. ನಮ್ಮ ಉಸ್ತಾದರು ಬೆನ್ನು ಬಗ್ಗಿದ್ರೆ ಹಿಂದಿಂದ ಬಂದು ಒಂದು ಕೊಡೋರು. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ತೂಕ ನೋಡ್ತಾರೆ ಸರಿ, ಆದ್ರೆ ಗೊತ್ತಿರೋರು ತೊಡೆ ನೋಡ್ತಾರೆ, ನಿಲ್ಲೋ ನಿಲುವು ನೋಡ್ತಾರೆ.

ಕೈ ಉದ್ದ ಇದ್ರೆ ಲಾಭ ಇಲ್ಲ ಅಂತಲ್ಲ. ಯಾರ ಕೈ ಮೊದ್ಲು ಎದೆಗೆ ಹೋಗುತ್ತೋ ಅವನದೇ ಮೇಲುಗೈ. ಇವನ ಕೈ ಎದೆಗೆ ಹೋಗ್ತಾನೇ ಇಲ್ಲ, ಹೊರಗಡೆ ಭುಜ ತಬ್ಬಿಕೊಳ್ತಿದಾನೆ. ಇದು ಇಂಚಿನ ದೋಷ ಅಲ್ಲ.

ಮಂಡ್ಯದೋನು:

ಗರಡಿ ಅಣ್ಣ ಹೇಳಿದ್ದು ಕರೆಕ್ಟು. ಕೈ ವಿಷಯಕ್ಕೆ ಬಂದ್ರೆ ಜೋ ಥಾಮಸ್ ಕೈ 32 ಇಂಚೂವರೆ, 2007ರ ಡ್ರಾಫ್ಟಲ್ಲಿ 3ನೇ ಪಿಕ್ಕು, ಕ್ಲೀವ್‌ಲ್ಯಾಂಡ್‌ಗೆ ಲೆಫ್ಟ್ ಟ್ಯಾಕಲ್ ಆಗಿ ಸತತ 10,363 ಸ್ನ್ಯಾಪ್ (ಅಂದ್ರೆ ಅಷ್ಟು ಪ್ಲೇ) ಆಡ್ದ, ಒಂದೂ ತಪ್ಪಿಸ್ಲಿಲ್ಲ, 2023ರಲ್ಲಿ ಹಾಲ್ ಆಫ್ ಫೇಮ್. ಅಂಗಂತ ಗಿಡ್ಡ ಕೈಯೋರೆಲ್ಲ ಜೋ ಥಾಮಸ್ ಆಗಲ್ಲ ಮತ್ತೆ. ಪೀಟರ್ ಸ್ಕೊರಾನ್‌ಸ್ಕಿ ಕಾಲೇಜಲ್ಲಿ ಲೆಫ್ಟ್ ಟ್ಯಾಕಲ್ಲೇ, ಕೈ 32 ಕಾಲು, 2023ರಲ್ಲಿ ಟೆನ್ನೆಸ್ಸಿ 11ನೇ ಪಿಕ್ಕಲ್ಲಿ ತಗೊಂಡು ಗಾರ್ಡ್ ಮಾಡ್ತು. 2025ರಲ್ಲಿ ವಿಲ್ ಕ್ಯಾಂಪ್‌ಬೆಲ್‌ಗೂ ಇದೇ ಗಲಾಟೆ, ಕಂಬೈನಲ್ಲಿ (ಡ್ರಾಫ್ಟಿಗೆ ಮುಂಚೆ ಹುಡುಗ್ರನ್ನ ಅಳೆದು ಓಡಿಸಿ ನೋಡೋ ಕಡೆ) 33ಕ್ಕಿಂತ ಕಮ್ಮಿ ಬಂದದ್ದು ಆಮೇಲೆ ಕಾಲೇಜಲ್ಲಿ ಅಳೆದಾಗ 33 ಬಂತು, ಕೈ ಬೆಳೀತೋ ಟೇಪ್ ಬೆಳೀತೋ ದೇವ್ರಿಗೇ ಗೊತ್ತು, ನ್ಯೂ ಇಂಗ್ಲೆಂಡ್ ಮಾತ್ರ 4ನೇ ಪಿಕ್ಕಲ್ಲೇ ತಗೊಂಡು ಲೆಫ್ಟ್ ಟ್ಯಾಕಲ್ಲೇ ಆಡಿಸ್ತು.

ಇಂಡಿಯಾನಾಪೊಲಿಸ್ ಕಂಬೈನು ನಮ್ಮ ದನಗಳ ಜಾತ್ರೆ ಇದ್ದಂಗೆ ಕಣಣ್ಣ. ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಡೆಸಿ ನೋಡ್ತಾರೆ. ಅದೆಲ್ಲ ಸರಿಯೇ, ಆದ್ರೆ ಕಬ್ಬಿನ ಗಾಡಿ ಏರಿ ಹತ್ತುವಾಗ ಹಿಂದಕ್ಕೆ ಜಗ್ಗಿದ್ರೆ ಹಿಂಗಾಲು ಊರಿ ನಿಲ್ಲುತ್ತಾ ಅಂತ ಜಾತ್ರೇಲಿ ಗೊತ್ತಾಗಲ್ಲ. ಓರ್ಲಾಂಡೊ ಬ್ರೌನ್ ಅನ್ನೋ ಟ್ಯಾಕಲ್ 2018ರ ಕಂಬೈನಲ್ಲಿ 40 ಗಜ 5.85 ಸೆಕೆಂಡ್ ಓಡ್ದ, ಬೆಂಚ್ ಪ್ರೆಸ್ ಬರೀ 14 ಸಲ ಎತ್ತಿದ, ಎಲ್ರೂ ನಕ್ಕರು, ಮೂರನೇ ರೌಂಡಿಗೆ ಬಿದ್ದ. ಆಮೇಲೆ ನಾಕು ಸಲ ಪ್ರೊ ಬೌಲ್ (ಆ ವರ್ಷದ ಒಳ್ಳೆ ಆಟಗಾರರ ಆಯ್ಕೆ).

ಇನ್ನೊಂದು, ಗಾರ್ಡ್ ಅಂದ್ರೆ ಡಿಮೋಷನ್ ಅಲ್ಲ. ಜ್ಯಾಕ್ ಮಾರ್ಟಿನ್ ನೋಟ್ರ್ ಡೇಮ್‌ನಲ್ಲಿ ಟ್ಯಾಕಲ್ ಆಗಿದ್ದೋನು, 2014ರಲ್ಲಿ ಡಲ್ಲಾಸ್‌ಗೆ ಹೋಗಿ ಗಾರ್ಡ್ ಆಗಿ ರಾಜನಂಗಿದ್ದ. ಗಾರ್ಡ್‌ಗೆ ಎರಡೂ ಕಡೆ ನಮ್ಮೋರೇ ಇರ್ತಾರೆ, ಓಡಾಡೋ ಜಾಗ ಕಮ್ಮಿ, ಎದುರಿನೋನು ನೇರ ಎದೆಗೆ ಬತ್ತಾನೆ.

ಟೇಪ್ ಹುಳ:

ನೇರ ಎದೆಗೆ ಬರೋದ್ರಿಂದಾನೇ ಸೊಂಟ ಬಗ್ಗಿಸೋನಿಗೆ ಗಾರ್ಡ್ ಜಾಗಾನೂ ಸುಲಭ ಅಲ್ಲ ಮಂಡ್ಯದಣ್ಣ. 150 ಕೆಜಿ ಡಿಫೆನ್ಸಿವ್ ಟ್ಯಾಕಲ್ (ಎದುರಾಳಿ ಕಡೆ ನಡುವೆ ನಿಲ್ಲೋನು) ಮೇಲೆ ಬಿದ್ರೆ ಇವನು ಕ್ವಾರ್ಟರ್‌ಬ್ಯಾಕ್ ಮಡಿಲಿಗೆ ಹೋಗಿ ಕೂರ್ತಾನೆ.

ಹೆಬ್ಬಾಳ ನೈಟ್‌ಶಿಫ್ಟ್:

ನೆನ್ನೆ ರಾತ್ರಿ ಊಟದ ಬ್ರೇಕಲ್ಲಿ ಕೂತು ಬರೀ ಥರ್ಡ್ ಅಂಡ್ ಲಾಂಗ್ (ನೀವು ಹೇಳಿದ ಆ 7 ಗಜದ ಫಿಲ್ಟರ್) ನೋಡಿದೆ, 41 ಪ್ಲೇ ಸಿಕ್ತು. ಸ್ಯಾಕ್ ಒಂದೇ ನಿಜ, ಆದ್ರೆ 9 ಸಲ ಕ್ವಾರ್ಟರ್‌ಬ್ಯಾಕ್ ಜಾಗ ಬಿಟ್ಟು ಓಡಿದಾನೆ, ಅದ್ರಲ್ಲಿ 6 ಇವನ ಕಡೆಯಿಂದಾನೇ ಒಳಗೆ ನುಗ್ಗಿದ್ದು. ಹೊರಗಡೆ ಸುತ್ತಿ ಬಂದೋನಿಗೆ ಸೋತಿದ್ದು ಒಂದೇ ಸಲ, ಅಂದ್ರೆ ಕಾಲು ಚೆನ್ನಾಗಿದೆ. ಮೊದಲ್ನೇ ಕ್ವಾರ್ಟರಲ್ಲಿ ಮಂಡಿ ಬಗ್ಗಿಸೇ ನಿಲ್ತಾನೆ, ನಾಕನೇ ಕ್ವಾರ್ಟರ್ ಹೊತ್ತಿಗೆ ಸುಸ್ತಾಗಿ ಸೊಂಟಕ್ಕೆ ಬರ್ತಾನೆ, ಗರಡಿ ಅಣ್ಣ ನೋಡಿದ್ದು ಅದೇ. ನಾನು ಟ್ಯಾಕಲ್ ಅಂತಲೇ ಬರ್ಕೊಂಡೆ, ಎರಡನೇ ರೌಂಡು. ಕೈ ಕಾಲಮ್ಮಲ್ಲಿ ಏನೂ ಬರೀಲಿಲ್ಲ, ಒಳಗಡೆ ಬಾಗಿಲು, ಸೊಂಟ ಅಂತ ಎರಡು ನೋಟ್ ಹಾಕಿದೆ.

ಗರಡಿ ಅಣ್ಣ, ಆ ನಿಲುವು ಎದುರಿಗೇ ನೋಡ್ಬೇಕು ಅನ್ನಿಸ್ತಿದೆ, ಭಾನುವಾರ ಬರ್ಲಾ?

ಗರಡಿಮನೆ:

ಬಾರಪ್ಪ. ಬೆಳಿಗ್ಗೆ 5ಕ್ಕೆ, ಶಿಫ್ಟ್ ಮುಗಿಸ್ಕೊಂಡು ಹಂಗೇ ಬಾ. ಚಪ್ಪಲಿ ಬಾಗಿಲಲ್ಲೇ ಬಿಡು.