ಮನೆ ಹಿಂದೆ ಮಂಗ ಸತ್ತಿದೆ, ಅಪ್ಪ-ಅಮ್ಮನನ್ನು ಕರೆದುಕೊಂಡು ಬರಬೇಕಾ?

ಪ್ರಶ್ನೆ: ನಮ್ಮ ಊರು ಸಾಗರ ತಾಲ್ಲೂಕು. ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ಎರಡು ಮಂಗ ಸತ್ತು ಬಿದ್ದಿವೆಯಂತೆ. ಪಕ್ಕದ ಊರಲ್ಲಿ ಒಬ್ಬರಿಗೆ ಮಂಗನ ಕಾಯಿಲೆ ಎಂದು ರಿಪೋರ್ಟ್ ಬಂದಿದೆ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಡಿಕೆ ಕೊಯ್ಲಿನ ಸಮಯ, ಕೆಲಸದವರು ಬರಲು ಹೆದರುತ್ತಿದ್ದಾರೆ. ಗಾಳಿಯಲ್ಲೂ ಹರಡುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದೆ. ಇಬ್ಬರನ್ನೂ ಬೆಂಗಳೂರಿಗೆ ಕರೆತರಲಾ? ಅನುಭವ ಇದ್ದವರು ಹೇಳಿ.

ಸಾಗರದ ಬೆಳೆಗಾರರೊಬ್ಬರು: ತಮ್ಮಾ, ಮೊದಲು ಆ ಗಾಳಿ ಮಾತು ಬಿಡು. ಮನುಷ್ಯರಿಂದ ಮನುಷ್ಯರಿಗೆ ಇದು ಬರುವುದಿಲ್ಲ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ. 2019ರಲ್ಲಿ ಅರಳಗೋಡು ಕಡೆ ಜೋರಾದಾಗ ಜ್ವರಕ್ಕಿಂತ ಹೆದರಿಕೆಯೇ ಬೇಗ ಊರೂರು ಸುತ್ತಿತ್ತು. ಜ್ವರ ಬಂದವರ ಮನೆಗೆ ನೆಂಟರು ಕಾಲಿಡಲಿಲ್ಲ. ಅವರ ಮನೆ ಹಾಲೂ ಬೇಡ ಅಂದವರಿದ್ದರು. ಅದೇ ಜನ ಬೆಳಿಗ್ಗೆ ಎದ್ದು ದರಗು (ಉದುರಿದ ಒಣ ಎಲೆ) ಗುಡಿಸಲು ಬರಿಗಾಲಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದರು! ಹೆದರಬೇಕಾದ ಜಾಗ ಅದು.

ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಕೆಳಗಿಳಿದು ಅಲ್ಲೇ ಸೊಪ್ಪು, ದರಗಿನಲ್ಲಿ ಕೂತಿರುತ್ತದೆ. ಆ ಕಡೆ ಯಾರೂ ಹೋಗಬಾರದು. ನಾವೇ ಹೂಳಿಬಿಡೋಣ ಎಂದು ಅಪ್ಪ ಗುದ್ದಲಿ ಹಿಡಿದು ಹೊರಟರೆ ತಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಇವತ್ತೇ ಫೋನ್ ಮಾಡು. ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ಮಂಗವನ್ನು ಸುಟ್ಟು, ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹೊಡೆಸುತ್ತಾರೆ. ವಾಸನೆ ಬಂದ ಮೇಲೆ ಹೇಳಿದರೆ ಮಾದರಿಯೂ ಕೆಟ್ಟಿರುತ್ತದೆ. ತೋಟಕ್ಕೆ ಹೋಗಲೇಬೇಕಾದರೆ ಗಂಬೂಟು, ತುಂಬು ತೋಳಿನ ಅಂಗಿ. ಈ ವರ್ಷ ಕೊಟ್ಟಿಗೆಗೆ ದರಗು ತರುವುದು ಬೇಡ.

ತೀರ್ಥಹಳ್ಳಿ ಕಡೆಯ ಆಶಾ ಕಾರ್ಯಕರ್ತೆ: ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಉಚಿತವಾಗಿ ಕೊಡುತ್ತೇವೆ. ನಿಮ್ಮೂರಿನ ಆಶಾ ಹತ್ತಿರ ಕೇಳಿ. ಸುಮ್ನೆ ಇಸಿದುಕೊಂಡು ಗೂಡಿನಲ್ಲಿ ಇಡುವವರೇ ಜಾಸ್ತಿ. ಜಿಡ್ಡು, ವಾಸನೆ ಅಂತಾರೆ. ಕಾಡಿಗೆ, ತೋಟಕ್ಕೆ ಹೊರಡುವ ಮೊದಲು ಕೈಕಾಲಿಗೆ ಹಚ್ಚಲೇಬೇಕು. ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಾಕಿ ಸ್ನಾನ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಎಳ್ಳಿನಷ್ಟೇ ಇರುತ್ತದೆ. ವಯಸ್ಸಾದವರ ಕಣ್ಣಿಗೆ ಕಾಣುವುದಿಲ್ಲ, ಬೇರೆಯವರು ನೋಡಬೇಕು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗು ಬದುಕುವುದು ಅವುಗಳ ರಕ್ತ ಕುಡಿದೇ. ಹಾಗಾಗಿ ಪಶು ಆಸ್ಪತ್ರೆಯವರಿಗೂ ಒಂದು ಮಾತು ಹೇಳಿ.

ಹೊಸನಗರದಿಂದ, ಜ್ವರ ಬಂದು ಹುಷಾರಾದವರು: ನನಗೆ ಒಂದೇ ಸಲಕ್ಕೆ ಚಳಿ ಜ್ವರ, ತಲೆ ಸಿಡಿತ, ಸೊಂಟ ಕಾಲು ಮುರಿದು ಹಾಕಿದ ಹಾಗೆ ನೋವು, ಕಣ್ಣು ಕೆಂಪು. ಊರಿನ ಒಂದು ಕ್ಲಿನಿಕ್‌ನಲ್ಲಿ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವ ಆಗಬಹುದು. ಆಸ್ಪಿರಿನ್, ನೋವಿನ ಮಾತ್ರೆ ತೆಗೆದುಕೊಳ್ಳಲೇಬಾರದು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ಸ್, ಆರೈಕೆ, ದಿನಾ ರಕ್ತ ನೋಡುವುದು, ಅಷ್ಟೇ. ಬೇಗ ಸೇರಿದರೆ ಹೆಚ್ಚಿನವರು ಉಳಿಯುತ್ತಾರೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬರುತ್ತದೆ. ಆಗ ತಲೆನೋವು, ಕೈ ನಡುಕ, ಮಾತು ಗೊಂದಲವಾಗುವುದು ಇರಬಹುದು. ಹುಷಾರಾಯಿತು ಎಂದು ಕೂಡಲೇ ತೋಟಕ್ಕೆ ಕಳಿಸಬೇಡಿ.

ನಿವೃತ್ತ ಮೇಷ್ಟ್ರು, ಸೊರಬ: ಹೆದರಿಕೆ ಹೊಸದೇನಲ್ಲ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಆಫ್ರಿಕಾದ ಹಳದಿ ಜ್ವರವೇ ಬಂತೇನೋ ಎಂದು ಸರ್ಕಾರವೇ ಗಾಬರಿಯಾಗಿತ್ತು. ಪುಣೆಯಿಂದ ವಿಜ್ಞಾನಿಗಳು ಬಂದು ಇದು ಬೇರೆ ವೈರಸ್, ಉಣುಗಿನದ್ದು ಎಂದು ಕಂಡುಹಿಡಿದರು. ಲಸಿಕೆ ಹಾಕಿಸಿ ಎಂದು ಯಾರಾದರೂ ಹೇಳಿದರೆ, ಹಳೆಯ ಲಸಿಕೆಯ ಶಕ್ತಿ ಸಾಲದು ಎಂದು 2022ರಲ್ಲೇ ನಿಲ್ಲಿಸಿದ್ದಾರೆ. ಅದನ್ನು ಹುಡುಕಿಕೊಂಡು ಅಲೆಯಬೇಡಿ.

ಬೆಂಗಳೂರಿನಲ್ಲಿರುವ ವೈದ್ಯೆ, ಊರು ಶೃಂಗೇರಿ: ಕರೆತರುವುದಕ್ಕೆ ಅಡ್ಡಿ ಇಲ್ಲ, ನಿಮ್ಮ ಮನೆಯವರಿಗೆ ಅವರಿಂದ ಅಪಾಯವೂ ಇಲ್ಲ. ಆದರೆ ಉಣುಗು ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಕ್ಕೆ ಜ್ವರ ಶುರುವಾಗುತ್ತದೆ. ಇಲ್ಲಿಗೆ ಬಂದ ಮೇಲೆ ಜ್ವರ ಬಂದರೆ ಇಲ್ಲಿನ ಡಾಕ್ಟರ್ ಡೆಂಗಿ ಎಂದುಕೊಳ್ಳುವ ಸಾಧ್ಯತೆ ಜಾಸ್ತಿ. ‘ಸಾಗರದಿಂದ ಬಂದಿದ್ದಾರೆ, ಅಲ್ಲಿ ಮಂಗ ಸತ್ತಿತ್ತು’ ಎಂದು ನೀವೇ ಮೊದಲು ಹೇಳಿ. ಊರಲ್ಲೇ ಇದ್ದರೆ ಜ್ವರದ ಮೊದಲ ದಿನವೇ ಪಿಎಚ್‌ಸಿಯಲ್ಲಿ ರಕ್ತ ಕೊಡಲಿ. ಶಿವಮೊಗ್ಗದ ಲ್ಯಾಬ್‌ಗೆ ಕಳಿಸುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಪಿಎಚ್‌ಸಿಗೆ ಫೋನ್ ಆಯಿತು, ನಾಳೆ ಬರುತ್ತಾರಂತೆ. ಅಪ್ಪ ಕೊಯ್ಲು ಬಿಟ್ಟು ಬರಲ್ಲ ಅಂತ ಕೂತಿದ್ದಾರೆ. ಅಮ್ಮನನ್ನು ಕರೆತರುತ್ತೇನೆ, ಎಣ್ಣೆ ಅಪ್ಪನಿಗೆ. ಮನೆಯಲ್ಲಿ ನಾಯಿ ಇದೆ, ದಿನಾ ಬೆಟ್ಟ ಸುತ್ತಿ ಬಂದು ಜಗುಲಿ ಮೇಲೆ ಮಲಗುತ್ತದೆ. ಅದಕ್ಕೇನು ಮಾಡೋದು?

ಸಾಗರದ ಬೆಳೆಗಾರರು: ಕಟ್ಟಿ ಹಾಕಿಸು. ಅದರ ಮೈಮೇಲೂ ಉಣುಗು ಮನೆಯೊಳಗೆ ಬರುತ್ತದೆ. ಪಶು ಡಾಕ್ಟರ ಹತ್ತಿರ ಉಣುಗಿನ ಔಷಧಿ ಇರುತ್ತದೆ, ದನಕ್ಕೆ ಹೇಳುವಾಗ ನಾಯಿಗೂ ಸೇರಿಸಿ ಹೇಳು.