ಫಾರಿನ್ ಟ್ರಿಪ್ಪಲ್ಲಿ ನೆಟ್‌ಗೆ ಏನ್ ಮಾಡ್ತೀರಾ? ಹಳೇ ನಂಬರ್‌ಗೆ ಓಟಿಪಿನೂ ಬರ್ಬೇಕು

ಅಲೆಮಾರಿ_ಕಾಲು:
ಮುಂದಿನ ತಿಂಗಳು ಎರಡು ವಾರ ಯುರೋಪ್ ಹೋಗ್ತಿದೀವಿ, ಪ್ಯಾರಿಸ್‌ನಿಂದ ಟ್ರೈನಲ್ಲಿ ಜ್ಯೂರಿಕ್, ಅಲ್ಲಿಂದ ಮಿಲಾನ್. ರೋಮಿಂಗ್ ಪ್ಯಾಕ್ ಹಾಕಿಸ್ಬೇಕಾ, ಅಲ್ಲೇ ಸಿಮ್ ತಗೋಬೇಕಾ, ಇಲ್ಲಾ ಇಸಿಮ್ ಅಂತಾರಲ್ಲ ಅದಾ? ಬ್ಯಾಂಕ್ ಓಟಿಪಿ ಬರೋದು ಹಳೇ ನಂಬರ್‌ಗೇ, ಅದೊಂದು ತಲೆನೋವು.

ಗಂಟುಮೂಟೆ:
ಇಸಿಮ್ಮೇ ಸುಲಭ, ಅಂದ್ರೆ ಕಾರ್ಡ್ ಹಾಕೋದಿಲ್ಲ, ಫೋನೊಳಗೇ ಇರೋ ಚಿಪ್‌ಗೆ ಕಂಪನಿ ಕೊಡೋ ಕ್ಯೂಆರ್ ಸ್ಕ್ಯಾನ್ ಮಾಡಿ ಪ್ಲಾನ್ ಇಳಿಸ್ಕೊಳೋದು. ಡಯಲರಲ್ಲಿ *#06# ಒತ್ತಿ ನೋಡಿ, ಈಐಡಿ ಅಂತ 32 ಅಂಕಿ ಉದ್ದದ ನಂಬರ್ ಬಂದ್ರೆ ನಿಮ್ ಫೋನಲ್ಲಿ ಇಸಿಮ್ ಇದೆ ಅಂತ ಅರ್ಥ, ಆದ್ರೆ ಫೋನ್ ಯಾವ್ದೋ ಕಂಪನಿಗೆ ಲಾಕ್ ಆಗಿದ್ರೆ ಇದ್ದೂ ಉಪಯೋಗ ಇಲ್ಲ. ಹಳೇ ಸಿಮ್ ತೆಗೀಬೇಡಿ. ಅದ್ರಲ್ಲಿ ರೋಮಿಂಗ್ ಆಕ್ಟಿವ್ ಇರ್ಲಿ, ಡೇಟಾ ರೋಮಿಂಗ್ ಮಾತ್ರ ಆಫ್, ಮೆಸೇಜ್ ಬರೋಕೆ ಡೇಟಾ ಬೇಕಾಗಲ್ಲ ಓಟಿಪಿ ಬರುತ್ತೆ. ಕಾಲ್ ಬಂದ್ರೆ ಎತ್ತೋ ಮುಂಚೆ ಯೋಚ್ನೆ ಮಾಡಿ, ರೋಮಿಂಗಲ್ಲಿ ಎತ್ತಿದ್ದಕ್ಕೂ ದುಡ್ಡು ಹೋಗ್ಬಹುದು. ವಾಟ್ಸಾಪ್ ಹಳೇ ನಂಬರಲ್ಲೇ ಓಡುತ್ತೆ, ನಂಬರ್ ಬದಲಾಯ್ಸ್ತೀರಾ ಅಂತ ಕೇಳಿದ್ರೆ ಬೇಡ ಅನ್ನಿ.

ಕಿಟಕಿ_ಸೀಟು:
ಮೇಲಿನವ್ರು ಒಂದು ಬಿಟ್ರು. ಸೆಟ್ಟಿಂಗ್ಸಲ್ಲಿ ಡೇಟಾ ಸ್ವಿಚಿಂಗ್ ಅಂತ ಇರುತ್ತೆ, ಒಂದು ಸಿಮ್ಮಲ್ಲಿ ಸಿಗ್ನಲ್ ಬಿದ್ರೆ ಫೋನೇ ಇನ್ನೊಂದರ ಡೇಟಾಗೆ ಹಾರುತ್ತೆ. ನಂದು ಹಂಗೇ ಹಾರಿ, ರಾತ್ರಿಯೆಲ್ಲ ಫೋಟೋ ಬ್ಯಾಕಪ್ ಆಗಿ, ಬಿಲ್ ನೋಡಿ ಎದೆ ಧಸಕ್ ಅಂತು. ಹೊರಡೋ ಮುಂಚೆನೇ ಅದನ್ನ ಆಫ್ ಮಾಡಿ.

ಇನ್ನೊಂದು, ನಿಮ್ ರೂಟಲ್ಲಿ ಸ್ವಿಟ್ಜರ್ಲೆಂಡ್ ಇದೆಯಲ್ಲ, ಹುಷಾರು. 2017ರ ಜೂನಿಂದ ಯುರೋಪಿಯನ್ ಯೂನಿಯನ್ ಒಳಗಿನ ಸಿಮ್‌ಗೆ ಒಳಗಡೆ ಎಲ್ಲೂ ರೋಮಿಂಗ್ ಚಾರ್ಜ್ ಬೇರೆ ಇಲ್ಲ, ನಾರ್ವೆ ಐಸ್‌ಲ್ಯಾಂಡ್ ಕೂಡ ಅದ್ರಲ್ಲೇ ಬರುತ್ತೆ, ಆದ್ರೆ ಸ್ವಿಸ್ ಹೊರಗೆ. ಪ್ಯಾರಿಸಲ್ಲಿ ಸಿಮ್ ತಗೊಂಡು ನಮ್ ಕಡೆಯವ್ರು ಖುಷಿಯಾಗಿದ್ರು, ಟ್ರೈನ್ ಫ್ರಾನ್ಸಿನ ಮುಲೂಸ್ ದಾಟಿ ಸ್ವಿಸ್ ಗಡಿಯ ಬಾಸೆಲ್ ಹತ್ರ ಬರ್ತಿದ್ದ ಹಾಗೆ ಮ್ಯಾಪಲ್ಲಿ ನೀಲಿ ಚುಕ್ಕಿ ಮಾತ್ರ, ಸುತ್ತ ಬರೀ ಖಾಲಿ. ಪ್ಲಾನ್ ತಗೊಳೋವಾಗ ಯುರೋಪ್ ಅಂತ ಬರೆದಿದೆ ಅಂತ ನಂಬ್ಬೇಡಿ, ದೇಶಗಳ ಪಟ್ಟಿ ತೆಗೆದು ಸ್ವಿಟ್ಜರ್ಲೆಂಡ್ ಹೆಸರು ಹುಡುಕಿ. ಮೂರೂ ಊರಿನ ಮ್ಯಾಪ್ ಆಫ್‌ಲೈನ್ ಇಳಿಸ್ಕೊಳ್ಳಿ.

ಗಂಟುಮೂಟೆ:
ಹೌದು. ಮತ್ತೆ ಇಸಿಮ್ ಇನ್‌ಸ್ಟಾಲ್ ಮನೆ ವೈಫೈಯಲ್ಲೇ ಮಾಡಿ, ಅಲ್ಲಿ ಇಳಿದ್ಮೇಲೆ ಕ್ಯೂಆರ್ ಸ್ಕ್ಯಾನ್ ಮಾಡೋಕೇ ನೆಟ್ ಬೇಕು. ಕೆಲವು ಪ್ಲಾನ್‌ಗಳ ದಿನ ಇನ್‌ಸ್ಟಾಲ್ ಆದಾಗಿಂದ್ಲೇ ಶುರು, ಕೆಲವು ಅಲ್ಲಿನ ನೆಟ್‌ವರ್ಕ್ ಹಿಡಿದಾಗಿಂದ, ಓದ್ಕೊಂಡು ಮಾಡಿ. ಆಮೇಲೆ ಸಿಗ್ನಲ್ ಬರ್ತಿಲ್ಲ ಅಂತ ಡಿಲೀಟ್ ಮಾತ್ರ ಹೊಡೀಬೇಡಿ, ಎಷ್ಟೋ ಕ್ಯೂಆರ್ ಒಂದೇ ಸಲಕ್ಕೆ. ನಾನು ಹೊಡೆದು ಮಧ್ಯರಾತ್ರಿ ಕಸ್ಟಮರ್ ಕೇರ್ ಚಾಟಲ್ಲಿ ಕೂತಿದ್ದೆ.

ಅಲೆಮಾರಿ_ಕಾಲು:
ಥ್ಯಾಂಕ್ಸ್ ಇಬ್ಬರಿಗೂ. ನನ್ ಫೋನಲ್ಲಿ ಈಐಡಿ ಬಂತು, ಹೆಂಡ್ತಿ ಫೋನಲ್ಲಿ ಇಲ್ಲ. ಅವಳು ನನ್ ಹಾಟ್‌ಸ್ಪಾಟಲ್ಲೇ ಇದ್ರೆ ಆಗುತ್ತಾ?

ಕಿಟಕಿ_ಸೀಟು:
ಆಗುತ್ತೆ, ಪ್ಲಾನಲ್ಲಿ ಹಾಟ್‌ಸ್ಪಾಟ್ ಬಿಡ್ತಾರಾ ಅಂತ ಮೊದ್ಲು ನೋಡ್ಕೊಳ್ಳಿ, ಅನ್‌ಲಿಮಿಟೆಡ್ ಅನ್ನೋವ್ರಲ್ಲಿ ಕೆಲವರು ಬಿಡಲ್ಲ. ಪವರ್ ಬ್ಯಾಂಕ್ ಇಟ್ಕೊಳ್ಳಿ, ಮತ್ತೆ ಅವರು ಶಾಪಿಂಗ್‌ಗೆ ಹೋದಲ್ಲೆಲ್ಲ ನೀವೂ ಹಿಂದೆ ಹೋಗ್ಬೇಕು 😄