ಈ ವಾರದ ಸಮಸ್ಯೆ (ಕೊಟ್ಟ ವಿಚಿತ್ರ ಸಾಲಿಗೆ ಅರ್ಥ ಕೂಡುವಂತೆ ಪದ್ಯ ಪೂರೈಸುವ ಆಟ, ಅಂದರೆ ಪೂರಣ; ಆಡುವವರಿಗೆ ಊರೇ ಹೆಸರು): ಕಿಚ್ಚುರಿದ ಮನೆಯೊಳಗೆ ಹಿಮವು ಕಟ್ಟಿತು ನೋಡು

ಹಾಸನ (ಸಮಸ್ಯೆ ಕೊಟ್ಟವರು): ಪಂಚಮಾತ್ರಾ ಚೌಪದಿ. ಸಾಲಿಗೆ ಐದು ಮಾತ್ರೆಯ (ಉಚ್ಚಾರದ ಅಳತೆ) ನಾಲ್ಕು ಗಣ, ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) 'ಚ್ಚ'. ಕೊನೆಯ ಸಾಲು ಮೇಲಿದೆ, ಉಳಿದ ಮೂರು ನಿಮ್ಮದು. 'ಕನಸಲ್ಲಿ ಕಂಡೆ' ಅಂತ ತಪ್ಪಿಸಿಕೊಳ್ಳುವಂತಿಲ್ಲ!

ಸಕಲೇಶಪುರ:
ಹೆಚ್ಚಾಯ್ತು ಬೆಳಗೆದ್ದು ಜಗಳವದು ನಮ್ಮೊಳಗೆ
ಮುಚ್ಚಿದಳು ಬಾಗಿಲನು, ಮಾತೆಲ್ಲ ಬಂದಾಯ್ತು
ಬೆಚ್ಚನೆಯ ಕಾಫಿಯೂ ಸಿಗಲಿಲ್ಲ ಸಂಜೆಗೂ
ಕಿಚ್ಚುರಿದ ಮನೆಯೊಳಗೆ ಹಿಮವು ಕಟ್ಟಿತು ನೋಡು

ಬೇಲೂರು: ಸಕಲೇಶಪುರದಲ್ಲಿದ್ದೂ ಕಾಫಿ ಸಿಗಲಿಲ್ಲ ಅಂದ್ರೆ ದೊಡ್ಡ ಶಿಕ್ಷೆಯೇ 😀 ಆದರೆ 'ಜಗಳವದು' ಅನ್ನೋದರಲ್ಲಿ 'ಅದು' ಸುಮ್ನೆ ಮಾತ್ರೆ ತುಂಬಿಸಲು ಬಂದಿದೆ, ಅಲ್ವಾ?

ಸಕಲೇಶಪುರ: ಬಂದಿದೆ. ಕೂತಿರಲಿ ಬಿಡಿ.

ಚಿಕ್ಕಮಗಳೂರು: ನಾನು ಆಕಾಶದ ಕಡೆ ಹೊರಟೆ.
ಬಿಚ್ಚಿ ಚೆಲ್ಲಿತು ತಾರೆ ತನ್ನೊಡಲ ಸಿರಿಯೆಲ್ಲ
ಹೊಚ್ಚಹೊಸ ಧೂಳಾಯ್ತು ಸುಡುಹಬೆಯು ತಣಿತಣಿದು
ಅಚ್ಚ ಕತ್ತಲಿನೊಳಗೆ ಕಣಕಣಕೆ ನೀರಂಟಿ
ಕಿಚ್ಚುರಿದ ಮನೆಯೊಳಗೆ ಹಿಮವು ಕಟ್ಟಿತು ನೋಡು

ಸಿಡಿದ ನಕ್ಷತ್ರವೇ ಇಲ್ಲಿ ಮನೆ. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗಲಾನಿಕ್ ಮೋಡದಲ್ಲಿ (ನಮ್ಮ ಆಕಾಶಗಂಗೆಯ ಪಕ್ಕದ ಪುಟ್ಟ ಗ್ಯಾಲಕ್ಸಿ) ಒಂದು ಸಿಡಿದದ್ದು ಕಂಡಿತಲ್ಲ, ಅಂಥದ್ದು. ಮುಳ್ಳಯ್ಯನಗಿರಿ ಮೇಲೆ ನಿಂತರೂ ದಕ್ಷಿಣದಲ್ಲಿ ತೀರಾ ತಗ್ಗಿನಲ್ಲಿರುವ ಜಾಗ ಅದು. ಸಿಡಿದ ಅನಿಲ ಹರಡುತ್ತಾ ತಣ್ಣಗಾದಾಗ ಅದರೊಳಗಿನ ಇಂಗಾಲ, ಸಿಲಿಕಾನ್ ಎಲ್ಲ ಗಟ್ಟಿಯಾಗಿ ಧೂಳಾಗುತ್ತವೆ. 2011ರಲ್ಲಿ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಲೆಕ್ಕ ಬಂತು: 1987ರಲ್ಲಿ ಸಿಡಿದ ಆ ನಕ್ಷತ್ರದ ಜಾಗದಲ್ಲಿರುವುದು ಸೂರ್ಯನ ಸುಮಾರು ಅರ್ಧ ತೂಕದ ಧೂಳು, ಮೈನಸ್ 250 ಡಿಗ್ರಿ ಆಸುಪಾಸಿನ ಚಳಿ!

ಅರಸೀಕೆರೆ: ಪದ್ಯ ಚೆನ್ನಾಗಿದೆ ಸಾರ್, ಆದರೆ ಎರಡು ತಕರಾರು. ಹಿಮ ಅಲ್ಲೇ ಕಟ್ಟುತ್ತದೆ ಅನ್ನಲಾಗದು. ಸಿಡಿತದ ಅಲೆ ಹೊರಗಿನ ಅನಿಲಕ್ಕೆ ಡಿಕ್ಕಿ ಹೊಡೆದಾಗ ಒಳಮುಖವಾಗಿಯೂ ಒಂದು ಅಲೆ ಏಳುತ್ತದೆ. ಅದು ಎಷ್ಟೋ ಧೂಳನ್ನು ಹಾಳುಮಾಡುತ್ತದೆ. ಬದುಕಿ ಉಳಿದದ್ದು ಮುಂದೆಂದೋ ಅನಿಲ, ಧೂಳಿನ ಬೇರೆ ಕಪ್ಪು ಮೋಡ ಸೇರಿದ ಮೇಲೆ ಹಿಮದ ಪದರ ಬೆಳೆಯುವುದು. ಅಂದರೆ ಮನೆ ಬದಲಾಯಿತು. ಇನ್ನೊಂದು, ಆ ನೀರು ಹೆಚ್ಚಾಗಿ ಹೊರಗಿಂದ ಬಂದು ಅಂಟಿದ್ದಲ್ಲ. ಕಣದ ಮೈಮೇಲೆಯೇ ಹೈಡ್ರೋಜನ್, ಆಮ್ಲಜನಕ ಕೂಡಿ ಆದದ್ದು. 'ನೀರ್ಹುಟ್ಟಿ' ಅನ್ನಿ, ಮಾತ್ರೆ ಕೆಡುವುದಿಲ್ಲ.

ಚಿಕ್ಕಮಗಳೂರು: 'ನೀರ್ಹುಟ್ಟಿ' ಆಗಲಿ, ನಾಲಿಗೆ ತೊಡರಿದರೂ ಪರವಾಗಿಲ್ಲ. ಮನೆ ಮಾತ್ರ ಬಿಡಲಾರೆ. ಆ ನೀರಿನ ಆಮ್ಲಜನಕ ತಯಾರಾದದ್ದು ಇಂಥ ನಕ್ಷತ್ರಗಳ ಒಳಗೇ. ಊರು ಬಿಟ್ಟವನಿಗೂ ಮನೆಹೆಸರು ಉಳಿಯುತ್ತದಲ್ಲ?

ಹಾಸನ: ಇದು ವಕೀಲರ ವಾದ! ಆದರೂ ಈ ಸಲ ಚಿಕ್ಕಮಗಳೂರಿಗೇ. ಕಿಚ್ಚು, ಹಿಮದ ವಿರೋಧವನ್ನು ನಿಜವಾಗಿ ಬಿಡಿಸಿದ ಪೂರಣ ಅದೊಂದೇ. ಅರಸೀಕೆರೆಯವರು ತಕರಾರನ್ನೂ ಚೌಪದಿಯಲ್ಲೇ ತನ್ನಿ, ಗದ್ಯದಲ್ಲಿ ಗೆಲ್ಲೋದು ಸುಲಭ.